ಕೊಡದಲ್ಲಿ ಮುಳುಗಿದ ಪೈಪು

ನಮ್ಮ ಮನೆಯ ಹಿಂದೆ, ಗೋಡೆಗೆ ಒರಗಿಕೊಂಡು ಒಂದು ಹಿತ್ತಾಳೆಯ ಕೊಡ ಕೂತಿರುತ್ತದೆ. ಅದರ ಹೊಟ್ಟೆಯ ಮೇಲೊಂದು ತಗ್ಗು, ಕಂಠದ ಬಳಿ ಬೆಸುಗೆಯ ಗುರುತು. ನೋಡಿದರೆ ಯಾರ ಗೊಡವೆಗೂ ಹೋಗದ ಹಿರಿಯ ಜೀವದಂತೆ ತೋರುತ್ತದೆ. ಆದರೆ ಕಳೆದ ಬೇಸಿಗೆಯಲ್ಲಿ ಇದರ ನಿಮಿತ್ತವಾಗಿ ಒಬ್ಬ ಮೆಕ್ಯಾನಿಕನ ಕೆಲಸವೇ ಹೋಗುವುದರಲ್ಲಿತ್ತು. ತಪ್ಪು ಕೊಡದ್ದಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಣೆಯನ್ನು ಸರಿಯಾದ ತಲೆಗೇ ಕಟ್ಟಬೇಕೆಂಬುದು ನನ್ನ ತತ್ತ್ವ. ಆ ತಲೆ ಯಾವುದೆಂಬುದು ಮುಂದೆ ಬರುತ್ತದೆ, ಅವಸರ ಮಾಡಬೇಡಿ.

ಕೊಡವನ್ನು ಅವ್ವ ಹಳೆಯ ಬಾಗಲಕೋಟೆಯಿಂದ ತಂದಳು. ಅಣೆಕಟ್ಟಿನ ಹಿನ್ನೀರು ನಮ್ಮ ಓಣಿಯ ತನಕ ಏರುತ್ತದೆಂದು ಗೊತ್ತಾಗಿ ಜನರೆಲ್ಲ ನವನಗರದ ಸೆಕ್ಟರುಗಳಿಗೆ ಗಂಟುಮೂಟೆ ಕಟ್ಟಿದ ಕಾಲವದು. ನಾನಿನ್ನೂ ಪಾಟಿ ಹಿಡಿಯುವ ವಯಸ್ಸಿನವಳು. ಲಾರಿಗೆ ಸಾಮಾನು ಏರಿಸುವಾಗ ಕೊಡ ಕೆಳಗೆ ಬಿದ್ದು ಆ ತಗ್ಗು ಬಿತ್ತು. ವಿಚಿತ್ರ ನೋಡಿ: ನೀರು ಹೆಚ್ಚಾಯಿತೆಂದು ಮನೆ ಬಿಟ್ಟು ಬಂದವರು ನಾವು, ಹೊಸ ಮನೆಗೆ ಬಂದ ಮೇಲೆ ನಳಕ್ಕೆ ನೀರು ಯಾವ ದಿನ ಬರುತ್ತದೆಂದು ಬೆರಳು ಮಡಚಿ ಎಣಿಸಿದವರೂ ನಾವೇ.

ನಳ ಬರುವ ದಿನ ನಮ್ಮ ಅಂಗಳದಲ್ಲಿ ಪಾತ್ರೆಗಳ ಮೆರವಣಿಗೆ. ಹಂಡೆ, ಬಕೀಟು, ಕೊಡ, ಬೋಗುಣಿ, ತಂಬಿಗೆ, ಎಲ್ಲವೂ ಎತ್ತರದ ಪ್ರಕಾರ ಸಾಲುಗಟ್ಟಿ ನಿಲ್ಲುತ್ತಿದ್ದವು. ತುಂಬಲು ಇನ್ನೇನೂ ಉಳಿದಿಲ್ಲ, ನೀರು ಮಾತ್ರ ಇನ್ನೂ ಬರುತ್ತಿದೆ ಎಂಬ ಸಂಕಟದಲ್ಲಿ ನಾನೊಮ್ಮೆ ನನ್ನ ಕಂಪಾಸ್ ಪೆಟ್ಟಿಗೆಯನ್ನೂ ತುಂಬಿಸಿಟ್ಟಿದ್ದೆ. ಮಾರನೆಯ ದಿನ ತುಕ್ಕು ಹಿಡಿದ ಕೈವಾರದಿಂದ ನಾನು ಬರೆದ ವೃತ್ತವನ್ನು ಕಂಡು ಗುರುಗಳು ಇದು ಯಾವ ಕೆರೆಯ ನಕ್ಷೆಯೆಂದು ಕೇಳಿದರು. ಅಂಥ ಮನೆಯಲ್ಲಿ ಬೆಳೆದವರಿಗೆ ಹನಿ ಬೀಳುವ ಸದ್ದು ಸಂಗೀತವಲ್ಲ, ಕರೆಗಂಟೆ. ಎಲ್ಲಿ ಹನಿ ಬಿದ್ದರೂ ಅದರ ಕೆಳಗೆ ಒಂದು ಪಾತ್ರೆ ಬಂದು ಕೂರಲೇಬೇಕು. ಅಕ್ಕಿ ತೊಳೆದ ನೀರು ಕರಿಬೇವಿಗೆ, ಮುಖ ತೊಳೆದ ನೀರು ದಾಸವಾಳಕ್ಕೆ. ಆದರೆ ಈ ಪಾತ್ರೆಗಳು ನೆಂಟರ ಕಣ್ಣಿಗೆ ಬೀಳುವಂತಿಲ್ಲ. ಯಾರಾದರೂ ಬರುತ್ತಾರೆಂದು ಗೊತ್ತಾದೊಡನೆ ಅವ್ವ ಒಂದೊಂದನ್ನೇ ಎತ್ತಿ ಬಚ್ಚಲಿಗೆ ಸಾಗಿಸುತ್ತಾಳೆ. ‘ಬಂದವ್ರು ಏನಂದಾರು’ ಎಂಬುದು ಅವಳ ಸಂವಿಧಾನದ ಮೊದಲನೆಯ ಕಲಮು.

ನನ್ನ ಸಂವಿಧಾನ ಬೇರೆ. ಧಾರವಾಡದಲ್ಲಿ ಎಂ.ಎ. ಓದುವಾಗ ನನಗೆ ‘ಹೊಣೆಗಾರಿಕೆ’ ಎಂಬ ಶಬ್ದ ಅಂಟಿಕೊಂಡಿತು. ಮಾವಿನಕಾಯಿಯ ಸೊನೆಯಂತೆ ಇನ್ನೂ ಹೋಗಿಲ್ಲ. ಹಾಸ್ಟೆಲಿನ ಸಾರಿನಲ್ಲಿ ಬೇಳೆಯ ಅನುಪಸ್ಥಿತಿಗೆ ಯಾರು ಹೊಣೆಯೆಂದು ಕೇಳಿ ಎರಡು ಪುಟ ಬರೆದೆ. ಬಿಸ್ಕೀಟಿನ ಪೊಟ್ಟಣದಲ್ಲಿ ಒಂದು ಬಿಸ್ಕೀಟು ಕಡಿಮೆಯಿದ್ದಾಗ ಮೂರು ಪುಟ. ಬಾದಾಮಿಯ ಗುಡ್ಡದ ಮೇಲೆ ಒಂದು ಮಂಗ ನನ್ನ ಕನ್ನಡಕವನ್ನು ಕಸಿದುಕೊಂಡು ಹೋದ ದಿನ, ದೂರನ್ನು ಯಾರ ಹೆಸರಿಗೆ ಬರೆಯಬೇಕೆಂದು ತಿಳಿಯದೆ ಪೇಚಾಡಿದೆ. ಮಂಗವಂತೂ ಮೇಲಿನ ಕಲ್ಲಿನ ಮೇಲೆ ಕನ್ನಡಕ ಹಿಡಿದು ಕೂತು, ನನ್ನ ಮನವಿಯನ್ನು ಪರಿಶೀಲಿಸುತ್ತಿರುವಂತೆ ನೋಡುತ್ತಿತ್ತು. ಈಗ ಪತ್ರಿಕೆಗಳಿಗೆ ಲೇಖನ ಬರೆಯುತ್ತೇನೆ. ಯಾರೂ ತಮ್ಮ ತಪ್ಪನ್ನು ತಮ್ಮದೆನ್ನುವುದಿಲ್ಲ, ಕೆಳಗಿನವರ ಮೇಲೆ ಜಾರಿಸುತ್ತಾರೆ ಎಂಬುದೇ ಅವುಗಳ ಸಾರಾಂಶ.

ಅಪ್ಪ ಇಳಕಲ್ಲಿನ ಒಂದು ಕಚೇರಿಗೆ ದಿನಾಲೂ ಬಸ್ಸಿನಲ್ಲಿ ಹೋಗಿಬರುವವರು. ಏಪ್ರಿಲ್ಲಿನ ಒಂದು ಸಂಜೆ ಬಸ್ಸಿನಿಂದ ಇಳಿದವರೇ ನೆಟ್ಟಗೆ ಅಂಗಡಿಗೆ ನಡೆದು ಏಸಿ ಖರೀದಿಸಿ ಬಂದರು. ಅದನ್ನು ಕೂರಿಸಲು ಬಂದವನೇ ಮಾಳಪ್ಪ. ಹುನಗುಂದದ ಕಡೆಯ ಹಳ್ಳಿಯವನು, ಐಟಿಐ ಮಾಡಿದ್ದಾನೆ, ತಂದೆ ಇವತ್ತಿಗೂ ಕುರಿ ಮೇಯಿಸುತ್ತಾರೆ. ಬೀರಪ್ಪ ದೇವರ ಒಕ್ಕಲಿನ ಮನೆತನವಾದ್ದರಿಂದ ಹಣೆಯ ಮೇಲೆ ಭಂಡಾರದ ಹಳದಿ ಸದಾ ಇರುತ್ತದೆ. ನನ್ನ ಬರೆಯುವ ಮೇಜಿನ ನೆತ್ತಿಗೆ ಸರಿಯಾಗಿ ಏಸಿ ಕೂರಿಸಿದ. ಅದರ ಹೊಟ್ಟೆಯಿಂದ ಹೊರಡುವ ಸಣ್ಣ ಪೈಪನ್ನು ಗೋಡೆಯಾಚೆಗೆ ಇಳಿಬಿಟ್ಟು, “ಗಾಳ್ಯಾಗಿನ ಪಸಿ ಎಲ್ಲಾ ಇದರಾಗ ನೀರಾಗಿ ಹೊರಗ ಹೋಗ್ತೈತ್ರಿ ಅಕ್ಕಾರ” ಎಂದು ತಿಳಿಸಿ ಹೋದ.

ಹನಿ ಬಿತ್ತು. ಅವ್ವ ಕೊಡ ಇಟ್ಟಳು. ಇಲ್ಲಿಯವರೆಗೆ ಎಲ್ಲವೂ ಧರ್ಮಸಮ್ಮತ.

ಕೊಡದ ಬಾಯಿ ಇಕ್ಕಟ್ಟು. ಗಾಳಿ ಬೀಸಿದರೆ ಪೈಪು ಓಲಾಡಿ, ಹತ್ತರಲ್ಲಿ ನಾಲ್ಕು ಹನಿ ನೆಲದ ಪಾಲಾಗುತ್ತಿದ್ದವು. ನಾನು ಅದೇ ವಾರ ರಾಮಥಾಳದ ಕಡೆಯ ಹೊಲಗಳಲ್ಲಿ ಗಿಡದ ಬುಡಕ್ಕೇ ಹನಿಹನಿಯಾಗಿ ನೀರುಣಿಸುವುದನ್ನು ನೋಡಿ ಬಂದು, ಹನಿಯ ಮಹತ್ವವನ್ನು ಕುರಿತು ಒಂದು ಉಜ್ವಲ ಲೇಖನ ಬರೆದಿದ್ದೆ. ನಡೆ ನುಡಿಗಳ ನಡುವೆ ಅಂತರವಿರಬಾರದಲ್ಲ? ಪೇಟೆಯಿಂದ ಒಂದು ತುಂಡು ಪೈಪು ತಂದು, ಮೊದಲಿನದಕ್ಕೆ ಜೋಡಿಸಿ, ಕೊಡದ ತಳ ಮುಟ್ಟುವಂತೆ ಇಳಿಸಿದೆ. ಸೊಳ್ಳೆಗಳು ತತ್ತಿ ಇಡಬಾರದೆಂಬ ವೈಜ್ಞಾನಿಕ ದೃಷ್ಟಿಯಿಂದ ಕೊಡದ ಬಾಯಿಗೆ ಹಳೆಯ ಸೀರೆಯ ತುಂಡನ್ನು ಬಿಗಿಯಾಗಿ ತುರುಕಿದೆ. ಒಂದು ಹನಿ ಪೋಲಾಗುವಂತಿಲ್ಲ, ಒಂದು ಸೊಳ್ಳೆ ನುಸುಳುವಂತಿಲ್ಲ. ಅವ್ವನನ್ನು ಕರೆದು ತೋರಿಸಿದೆ.

“ಇಷ್ಟ ಬಿಗೀಬೇಕೇನ? ಕೊಡಕ್ಕ ಉಸರಾಡಾಕರೆ ಬಿಡ” ಎಂದಳು ಅವ್ವ.

ಕೊಡ ಉಸಿರಾಡುವುದಿಲ್ಲವೆಂದು ನಾನು ವಿವರಿಸಿದೆ.

ಎರಡು ದಿನ ಕಳೆದಿರಲಿಲ್ಲ, ಏಸಿಯ ತುಟಿಯಿಂದ ನೀರು ಇಳಿಯತೊಡಗಿತು. ಹೊರಗಲ್ಲ, ಒಳಗೆ, ನೇರವಾಗಿ ನನ್ನ ಮೇಜಿನ ಮೇಲೆ, ಹನಿಯ ಮಹತ್ವವನ್ನು ಕುರಿತ ಲೇಖನದ ಮೇಲೆಯೇ. ಅವ್ವ ಬಾಗಿಲಲ್ಲಿ ನಿಂತು ಶಾಂತವಾಗಿ ನೋಡಿದಳು. “ಮೊದಲಿನ ಮನಿ ನೀರಾಗ ಹೋತು. ಈಗ ನೀರು ನಮ್ಮ ಪತ್ತೆ ಹಚಗೊಂಡು ಇಲ್ಲಿಗೂ ಬಂತು ನೋಡ” ಎನ್ನುತ್ತ ಮೇಜಿನ ಮೇಲೊಂದು ಬೋಗುಣಿ ಇಟ್ಟಳು.

ಮಾಳಪ್ಪನಿಗೆ ಫೋನು ಮಾಡಿದೆ. ನಾಳೆ ಮುಂಜಾನೆ ಬರುತ್ತೇನೆಂದ. ಬಂದವನು ಮುಂಭಾಗ ಬಿಚ್ಚಿ, ಧೂಳು ತಡೆಯುವ ಜಾಳಿಗೆಯನ್ನು ತೊಳೆದು, ಪೈಪಿಗೆ ಊದಿ, ಹೊರಗೆ ಹೋಗಿ ನೋಡಿ ಬಂದು, “ಎಲ್ಲಾ ಬರೋಬ್ಬರಿ ಐತ್ರಿ, ನೀರು ಚಂದಾಗಿ ಬೀಳಾಕತ್ತೈತಿ” ಎಂದ. ನಿಜಕ್ಕೂ ಬೀಳುತ್ತಿತ್ತು. ಅವನು ಕೂತು ಚಹಾ ಕುಡಿಯುವಷ್ಟು ಹೊತ್ತೂ ಒಳಗೆ ಒಂದು ಹನಿ ಇಲ್ಲ. ಅವನು ಹೋದ ಮಾರನೆಯ ದಿನ ಮತ್ತೆ ಧಾರೆ.

ಎರಡನೆಯ ಸಲವೂ ಇದೇ ಕಥೆ. ಹೇಳಿ ಬಂದ, ನೋಡಿದ, ಸೋರಲಿಲ್ಲ. ಹೋದ, ಸೋರಿತು. ಅಷ್ಟರಲ್ಲಿ ನಾನು ಮೊಬೈಲಿನಲ್ಲಿ ಓದಿ ಓದಿ ಏಸಿ ಸೋರುವುದಕ್ಕಿರುವ ಕಾರಣಗಳಲ್ಲೆಲ್ಲ ಪಂಡಿತೆಯಾಗಿದ್ದೆ: ಜಾಳಿಗೆಯಲ್ಲಿ ಧೂಳು ಕಟ್ಟಿದರೆ ಸೋರುತ್ತದೆ, ಗ್ಯಾಸು ಕಡಿಮೆಯಾಗಿ ಒಳಗೆ ಮಂಜು ಹಿಡಿದರೆ ಸೋರುತ್ತದೆ, ಹೊರಮುಖವಾಗಿ ಇಳಿಜಾರು ಕೊಡದೆ ಕೂರಿಸಿದರೆ ಸೋರುತ್ತದೆ. ಮೂರರಲ್ಲಿ ಯಾವುದೇ ಇದ್ದರೂ ಬೆರಳು ತೋರುವುದು ಮಾಳಪ್ಪನ ಕಡೆಗೇ. ಜೊತೆಗೆ ನನ್ನದೇ ಆದ ನಾಲ್ಕನೆಯ ಸಿದ್ಧಾಂತವೊಂದಿತ್ತು: ಅವನು ಬಂದಾಗ ಮಾತ್ರ ಸೋರುವುದಿಲ್ಲವೆಂದರೆ, ಹೋಗುವಾಗ ಏನನ್ನೋ ಮಾಡಿ ಹೋಗುತ್ತಿದ್ದಾನೆ.

ಅವನು ಬರುತ್ತಾನೆಂದು ಗೊತ್ತಾದ ಎರಡು ಸಲವೂ ಅವ್ವ ಬೆಳಗ್ಗೆದ್ದು ಪೈಪನ್ನು ಹೊರಗೆಳೆದು ಕೊಡವನ್ನು ಬಚ್ಚಲಿಗೆ ಸಾಗಿಸಿದ್ದಳು. ಅವನು ಹೋದ ಕೂಡಲೇ ಕೊಡವನ್ನು ತಂದಿಟ್ಟು ಪೈಪನ್ನು ತಳ ಮುಟ್ಟಿಸಿ ಬಟ್ಟೆ ತುರುಕಿದವಳು ನಾನು. ಇಷ್ಟು ಕಣ್ಣಮುಂದೆ ನಡೆದಿದ್ದರೂ ನನ್ನ ತನಿಖೆಯಲ್ಲಿ ಕೊಡದ ಹೆಸರು ಒಮ್ಮೆಯೂ ಬರಲಿಲ್ಲ. ಮನೆಯವರನ್ನು ಯಾರು ತಾನೆ ಅನುಮಾನಿಸುತ್ತಾರೆ?

ಕೂತು ದೂರು ಬರೆದೆ. ನಾಲ್ಕು ಪುಟ. ವಿಷಯ, ಉಲ್ಲೇಖ, ಕ್ರಮಸಂಖ್ಯೆ ಹಾಕಿದ ಆರೋಪಗಳು, ಕೊನೆಗೆ ಯಾರ್ಯಾರಿಗೆ ಪ್ರತಿ ಎಂಬ ಉದ್ದ ಪಟ್ಟಿ. ‘ಕರ್ತವ್ಯಲೋಪ ಎಸಗಿದ ವ್ಯಕ್ತಿಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸತಕ್ಕದ್ದು’ ಎಂಬ ವಾಕ್ಯವನ್ನು ಬರೆದಾಗ ನನಗೇ ರೋಮಾಂಚನವಾಯಿತು. ರಿಜಿಸ್ಟರ್ಡ್ ಅಂಚೆಯಲ್ಲಿ ಅಂಗಡಿಯ ಮಾಲೀಕರಿಗೆ ಕಳಿಸಿದೆ. ವಾಕ್ಯದ ಆ ತುದಿಯಲ್ಲಿ ‘ವ್ಯಕ್ತಿ’ ಎಂಬುವನೊಬ್ಬ ನಿಜವಾಗಿ ನಿಂತಿರುತ್ತಾನೆಂಬುದು ನನಗೆ ಹೊಳೆದದ್ದು ಒಂದು ವಾರದ ಮೇಲೆ, ಮುಂಜಾನೆ ಹನ್ನೊಂದರ ಸುಮಾರಿಗೆ, ಅವನು ಹೇಳದೆ ಕೇಳದೆ ಬಾಗಿಲಲ್ಲಿ ಬಂದು ನಿಂತಾಗ.

ಕೈಯಲ್ಲಿ ಹತ್ಯಾರದ ಚೀಲವಿರಲಿಲ್ಲ. “ಫೋನ್ ಮಾಡಿದ್ರ ಬ್ಯಾಡ ಅಂತಿದ್ರೇನೋ ಅಂತ ಹಂಗ ಬಂದೆ ಅಕ್ಕಾರ” ಎಂದ. “ಅಂಗಡಿ ಸಾವ್ಕಾರ್ರು ಕೆಲಸಕ್ಕ ಬರಬ್ಯಾಡ ಅಂದಾರ. ನಿಮ್ಮ ಕಡಿಂದ ದೂರು ಇಲ್ಲಂತ ಚೀಟಿ ತಂದ್ರ ಮಾತ್ರ ಬಾ ಅಂದಾರ.”

“ಕೂಡಪಾ ಮೊದಲ” ಎಂದಳು ಅವ್ವ.

“ಈ ಎರಡ ತಿಂಗಳ ನಮಗ ಸುಗ್ಗಿ ಇದ್ದಂಗ ಅವ್ವಾರ. ಮಳಿ ಹಿಡೀತಂದ್ರ ಏಸಿ ಐತಿ ಅನ್ನೂದ ಮಂದಿಗೆ ನೆನಪಿರೂದಿಲ್ಲ. ನಮ್ಮಪ್ಪಂತೂ ಕುರಿ ಕಾಯಾಕ ಬಾ ಅಂತ ಕುಂತಾನ. ಕುರಿ ಸೋರಿದ್ರ ಯಾರೂ ನಾಕ ಹಾಳಿ ಬರಿಯೂದಿಲ್ಲ ಅಂತಾನ.”

ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ನಾನು ನಗಲಿಲ್ಲ, ದೂರುದಾರರು ನಗುವ ಪದ್ಧತಿಯಿಲ್ಲ.

ಮಾಳಪ್ಪ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ಅರಿಶಿನದ ಪುಡಿ. “ಬೀರಪ್ಪನ ಭಂಡಾರ. ಇದನ್ನ ಮುಟ್ಟಿ ನಮ್ಮ ಮನಿತನದಾಗ ಯಾರೂ ಸುಳ್ಳ ಹೇಳಿಲ್ಲ. ಇಳಿಜಾರ ಬರೋಬ್ಬರಿ ಕೊಟ್ಟೇನಿ, ಗ್ಯಾಸ್ ಬರೋಬ್ಬರಿ ಐತಿ, ಬೇಕಂತ ನಾ ಏನೂ ಮಾಡಿಲ್ಲ.”

“ದೇವರನ್ನ ನಡುವ ತರಬ್ಯಾಡಪಾ” ಎಂದೆ. “ನನಗ ಸಾಕ್ಷಿ ಬೇಕು.”

“ಹಂಗಾದ್ರ ಸೋರೂ ಮಟಾ ಇಲ್ಲೇ ಕೂಡ್ತೇನ್ರಿ.”

ಕೂತೇ ಬಿಟ್ಟ. ಏಸಿ ಹಚ್ಚಿದೆವು. ಕೊಡದಲ್ಲಾಗಲೇ ಹಿಂದಿನ ದಿನದ ನೀರು ಅರ್ಧಕ್ಕೇರಿತ್ತು. ಅದು ಅವನಿಗೆ ಗೊತ್ತಿರಲಿಲ್ಲ, ನನಗೆ ಲೆಕ್ಕಕ್ಕಿರಲಿಲ್ಲ. ಅವ್ವ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಬಡಿಸಿದಳು. ಗ್ರಹಣ ನೋಡುವವನಂತೆ ಅವನು ಕತ್ತೆತ್ತಿಕೊಂಡೇ ಊಟ ಮಾಡಿದ. ಎರಡನೆಯ ರೊಟ್ಟಿ ಮುಗಿಯುವ ಹೊತ್ತಿಗೆ ಏಸಿಯ ತುಟಿಯಲ್ಲಿ ಒಂದು ಹನಿ ಮೂಡಿ, ದಪ್ಪವಾಗಿ, ಜಾರಿ ಬೋಗುಣಿಗೆ ಬಿತ್ತು.

“ಬಿತ್ತು” ಎಂದೆ ನಾನು, ಮೊಕದ್ದಮೆ ಗೆದ್ದವಳಂತೆ.

ಅವನಿಗೂ ಖುಷಿಯಾದದ್ದು ಕಂಡು ನನಗೆ ಕಸಿವಿಸಿಯಾಯಿತು. “ಎರಡೂ ಸಲ ನಾ ಬಂದಾಗ ಸೋರಿದ್ದಿಲ್ಲ. ಇವತ್ತ ಸೋರಾಕತ್ತೈತಿ. ಅಂದಮ್ಯಾಲ ಇವತ್ತ ಏನೋ ಬ್ಯಾರೆ ಐತಿ” ಎನ್ನುತ್ತ ಕೈ ತೊಳೆದುಕೊಂಡು ಹಿಂದಿನ ಬಾಗಿಲ ಕಡೆ ನಡೆದ.

“ಅಯ್ಯ, ಹೇಳದ ಬಂದಿ ನೋಡಪಾ, ಕೊಡಾ ತಗದಿಡೂದ ಆಗ್ಲಿಲ್ಲ” ಎಂದು ಅವ್ವ ಸಂಕೋಚದಿಂದ ಅವನ ಹಿಂದೆ ಓಡಿದಳು. ನಾನೂ ಹೋದೆ.

ಮಾಳಪ್ಪ ಕೊಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ. ಬಟ್ಟೆಯನ್ನು ಎಳೆದು ತೆಗೆದ. ಆಮೇಲೆ ಪೈಪನ್ನು ನಿಧಾನವಾಗಿ ಮೇಲಕ್ಕೆಳೆದ. ತುದಿ ನೀರಿನಿಂದ ಹೊರಬಂದದ್ದೇ ತಡ, ಗುಳುಗುಳು ಸದ್ದು ಮಾಡುತ್ತ ಒಂದು ಸೇರು ನೀರು ಒಮ್ಮೆಲೇ ಅವನ ಪಾದದ ಮೇಲೆ ಸುರಿಯಿತು. ನಾನು ಒಳಗೆ ಓಡಿ ನೋಡಿದೆ. ಹನಿ ನಿಂತಿತ್ತು. ಇನ್ನೊಮ್ಮೆ ನೋಡಿದೆ. ನಿಂತೇ ಇತ್ತು.

“ಬಾದಾಮಿ ಸ್ಟ್ಯಾಂಡಿಗೆ ಪಟ್ಟದಕಲ್ಲಿಂದ ಬಸ್ ಬರೂದನ್ನ ನೋಡೀರಿಲ್ಲ?” ಎಂದು ಮಾಳಪ್ಪ ಪಾಠ ಶುರು ಮಾಡಿದ. “ಬಾಗಲಾ ಒಂದ. ಹತ್ತೋರು ಬಾಗಲಕ್ಕ ಗಚ್ಚಾಗಿ ನಿಂತ್ರ ಇಳಿಯೋರು ಹೆಂಗ ಇಳೀತಾರ? ಪೈಪಿನ ಬಾಯಿ ನೀರಾಗ ಮುಣಗಿತಂದ್ರ ನಡುವ ಗಾಳಿ ಸಿಕ್ಕೊಂತೈತ್ರಿ. ಅದು ಹೊರಗ ಹೋಗಾಕಾಗೂದಿಲ್ಲ, ಮ್ಯಾಲಿನ ನೀರನ್ನೂ ಬಿಡೂದಿಲ್ಲ. ನೀರು ಪಾಪ ಎಲ್ಲಿಗಿ ಹೋದೀತು? ಬಂದ ದಾರಿ ಹಿಡೀತು, ಒಳಗ ಇಳೀತು. ಪೈಪಿನ ತುದಿ ಗಾಳ್ಯಾಗ ಜೋತಾಡಬೇಕ್ರಿ.” ತೆಗೆದಿಟ್ಟ ಬಟ್ಟೆಯನ್ನು ನೋಡಿ ಕೇಳಿದ: “ಇದು ಯಾರ ಕೆಲಸಾರೀ?”

ಅವ್ವ ನನ್ನ ಕಡೆ ನೋಡಲಿಲ್ಲ. “ನನ್ನ ಕೊಡಪಾ ಅದು” ಎಂದಳು. “ಹನಿ ಬೀಳ್ತಿತ್ತು, ಇಟ್ಟೆ. ವಯಸ್ಸಾತು, ತಿಳೀಲಿಲ್ಲ ನನಗ.”

“ಅವ್ವಾರು ಇಟ್ಟಿದ್ದಂದ್ರ ಆತು ಬಿಡ್ರಿ” ಎಂದ ಮಾಳಪ್ಪ. “ವಯಸ್ಸಾದವ್ರಿಗೆ ಏನನ್ನೂದು. ಅಕ್ಕಾರ, ಅಷ್ಟ ಬರದು ಕೊಡ್ರಿ, ಮುದುಕರ ಕಡಿಂದ ತಪ್ಪಾತು ಅಂತ. ನನಗ ಸಾಕು.”

ಪ್ರಿಯ ಓದುಗರೇ, ದಾರಿ ತೆರೆದಿತ್ತು. ಅವನ ಕೆಲಸ ಅವನಿಗೆ ಸಿಗುತ್ತಿತ್ತು, ನನ್ನ ಮಾನ ನನಗೆ ಉಳಿಯುತ್ತಿತ್ತು. ಮೇಲಿನವರು ತಪ್ಪನ್ನು ಕೆಳಗಿನವರ ಮೇಲೆ ಹೇಗೆ ಜಾರಿಸುತ್ತಾರೆಂದು ಅಷ್ಟು ಲೇಖನ ಬರೆದವಳು ನಾನು. ಅದೆಷ್ಟು ನುಣುಪಾದ ಜಾರುಬಂಡಿಯೆಂಬುದು ಮಾತ್ರ ಆವತ್ತೇ ಅನುಭವಕ್ಕೆ ಬಂತು. ಒಂದಿಷ್ಟು ಹೊತ್ತು ಅದರ ಮೇಲೆ ಕೂತೂ ನೋಡಿದೆ. ಅವ್ವ ಸೆರಗಿನಿಂದ ಕೊಡದ ಮೈ ಒರೆಸುತ್ತಿದ್ದಳು. ಅವಳಿಗಿನ್ನೂ ಐವತ್ತೆರಡು. ಮುದುಕಿ ಎನಿಸಿಕೊಳ್ಳಲು ಒಪ್ಪುವ ಹೆಂಗಸೇ ಅಲ್ಲ ಅವಳು. ಅದರ ಹಿಂದಿನ ವಾರ ತಾನೇ ಯಾರೋ ಬಸ್ಸಿನಲ್ಲಿ ‘ಅಜ್ಜಿ’ ಎಂದರೆಂದು ಎರಡು ನಿಲ್ದಾಣದವರೆಗೆ ಜಗಳ ಮಾಡಿದವಳು.

“ಕೊಡಾ ಅವ್ವ ಇಟ್ಟಾಳ” ಎಂದೆ. “ಪೈಪ್ ತಳಕ್ಕ ಇಳಿಸಿದಾಕಿ ನಾ. ಅರಬಿ ತುರುಕಿದಾಕೀನೂ ನಾನ. ಅಕಿ ಬ್ಯಾಡಂದ್ಲು.”

ಮಾಳಪ್ಪ ನನ್ನನ್ನೂ ಕೊಡವನ್ನೂ ಸರದಿಯಂತೆ ನೋಡಿದ. “ನೀವು ಓದಿದವ್ರು ಅಂತ ನಿಮ್ಮ ಮ್ಯಾಲ ನನಗ ಸಂಶೇನ ಬರ್ಲಿಲ್ಲ ನೋಡ್ರಿ” ಎಂದ.

“ನಾ ಇಟ್ಟಾಗ ಕೊಡಾ ಬರೋಬ್ಬರಿ ಇತ್ತಪಾ” ಎಂದಳು ಅವ್ವ, ಕ್ಷಣಮಾತ್ರದಲ್ಲಿ ವಯಸ್ಸು ಕಳೆದುಕೊಂಡು. “ಎಂ.ಎ. ಮಾಡಿದಾಕಿ ಕೈ ಹಚ್ಚಿದ ಮ್ಯಾಲ ಕೆಟ್ಟಿದ್ದು.”

ಅವನ ಬೈಕಿನ ಹಿಂದೆ ನನ್ನ ಸ್ಕೂಟಿಯಲ್ಲಿ ಅಂಗಡಿಗೆ ಹೋದೆ. ಸಾವ್ಕಾರರು ನನ್ನನ್ನು ಕಂಡು ಎದ್ದು ನಿಂತರು. ಬಾಯಿಮಾತಿನಲ್ಲಿ ಮುಗಿಸಿ ಹೊರಡಬೇಕೆಂದಿದ್ದೆ.

“ತಪ್ಪು ನಮ್ಮ ಕಡಿಂದ ಆಗೇತ್ರಿ” ಎಂದೆ.

“ಬಾಯಿಲೆ ಹೇಳಿದ್ರ ಹೆಂಗ್ರೀ ಅಕ್ಕಾರ? ಮೊನ್ನಿ ನಾಕ ಹಾಳಿ ಬರದೀರಿ, ಪ್ರತಿ ಎಲ್ಲೆಲ್ಲಿಗೋ ಹೋಗ್ಯಾವು. ಇದನ್ನೂ ಬರದ ಕೊಡ್ರಿ” ಎಂದು ಒಂದು ಬಿಳಿ ಹಾಳೆ, ಪೆನ್ನು ಮುಂದಿಟ್ಟರು.

ಫ್ರಿಜ್ಜಿನ ಖಾಲಿ ಪೆಟ್ಟಿಗೆಯ ಮೇಲೆ ಕಾಗದವಿಟ್ಟುಕೊಂಡು ನಿಂತೇ ಬರೆದೆ. ನಾಲ್ಕು ಪುಟ ಸರಾಗವಾಗಿ ಹರಿದಿದ್ದ ಕೈ, ನಾಲ್ಕು ಸಾಲಿಗೆ ತಡವರಿಸಿತು. ‘ಪರಿಶೀಲನೆಯ ವೇಳೆ, ಪೈಪಿನ ತುದಿಯು ಕೊಡದ ನೀರಿನಲ್ಲಿ ಮುಳುಗಿದ್ದುದು ಕಂಡುಬಂದಿರುತ್ತದೆ’ ಎಂದು ಬರೆದು ಕೊಟ್ಟೆ. ಮಾಳಪ್ಪ ಬೆರಳಿಟ್ಟು ಓದಿದ.

“ಎಲ್ಲಾ ಚಂದ ಬರದೀರಿ. ಮುಣಗಿಸಿದವ್ರು ಯಾರು ಅನ್ನೂದು ಒಂದ ಉಳೀತಲ್ರಿ.”

ಯಾವ ಕಚೇರಿಯ ಪತ್ರದಲ್ಲಿ ಇಂಥ ವಾಕ್ಯ ಕಂಡರೂ ಕೆಂಪು ಗೆರೆ ಎಳೆಯುತ್ತಿದ್ದವಳು ನಾನು. ಆವತ್ತು ಆ ಗೆರೆಯನ್ನು ಎಳೆದವನು ಮಾಳಪ್ಪ, ಪೈಪಿನ ಪಾಚಿ ಇನ್ನೂ ಅಂಟಿದ್ದ ಬೆರಳಿನಿಂದ. ಕಾಗದ ಹಿಂದಕ್ಕೆ ಪಡೆದು, ‘ಮುಳುಗಿಸಿದವಳು ನಾನು. ಮಾಳಪ್ಪನ ಕೆಲಸದಲ್ಲಿ ಯಾವ ದೋಷವೂ ಇರಲಿಲ್ಲ’ ಎಂದು ಬರೆದು, ಪೂರ್ಣ ಹೆಸರು, ಪದವಿ ಸಹಿತ ಸಹಿ ಮಾಡಿದೆ. ಸಾವ್ಕಾರರು ಗಟ್ಟಿಯಾಗಿ ಓದಿ, ಫ್ಯಾನು ಕೊಳ್ಳಲು ಬಂದಿದ್ದ ಮೂವರಿಗೂ ತಿಳಿಯುವಂತೆ ತಲೆದೂಗಿದರು. “ಇಳಕಲ್ಲಿಂದ ಮುಂಜಾನಿಂದ ಫೋನ್ ಬರಾಕತ್ತೈತಿ, ಹೋಗು” ಎಂದರು ಮಾಳಪ್ಪನಿಗೆ. ನಾನು ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಅವನು ಗೋಡೆಯ ಮೊಳೆಯಿಂದ ಚೀಲ ಇಳಿಸಿಕೊಂಡು ಹೊರಟುಹೋಗಿದ್ದ. ಮೊದಲ ದೂರಿನ ಪ್ರತಿಗಳು ಹೋದ ಕಡೆಗೆಲ್ಲ ಇದರ ಪ್ರತಿಯನ್ನೂ ಕಳಿಸಿದೆ.

ತಿಂಗಳ ಮೇಲೆ, ಮೊದಲ ಮಳೆಗೆ ಮುಂಚೆ, ಮಾಳಪ್ಪ ಜಾಳಿಗೆ ತೊಳೆಯಲು ಬಂದಿದ್ದ. ಕೆಲಸ ಹೇಗಿದೆಯೆಂದು ವಿಚಾರಿಸಿದೆ.

“ಐತ್ರಿ, ಆದ್ರ ಸ್ವಲ್ಪ ಕಡಿಮಿ ಆಗೇತಿ” ಎಂದ. “ನಿಮ್ಮ ಪತ್ರಾನ ಸಾವ್ಕಾರ್ರು ಗಲ್ಲಾದ ಮ್ಯಾಲಿನ ಗಾಜಿನ ಕೆಳಗ ಇಟ್ಟಾರ. ಏಸಿ ಸೋರತೈತಿ ಅಂತ ಯಾರರೆ ಬಂದ್ರ, ಮೊದಲ ಇದನ್ನ ಓದ್ರಿ ಅಂತಾರ. ಮಂದಿ ಓದ್ತಾರ, ತಲಿ ಕೆರಕೊಂತಾರ, ತಮ್ಮ ಕೊಡಾ ತಗ್ಯಾಕ ಮನಿಗೆ ಹೊಕ್ಕಾರ. ಊರ ತುಂಬ ಎಲ್ಲಾರೂ ಕೊಡಾನೋ ಬಕೀಟೋ ಇಟ್ಟೋರ ಅದಾರ್ರಿ.”

ಇಷ್ಟು ಶ್ರದ್ಧೆಯ ಓದುಗರು ನನ್ನ ಯಾವ ಲೇಖನಕ್ಕೂ ಸಿಕ್ಕಿರಲಿಲ್ಲ. ಒಳಗೊಳಗೇ ಉಬ್ಬಿದೆ. ಅವನು ಜಾಳಿಗೆಯನ್ನು ಬಿಸಿಲಿಗೆ ಹಿಡಿದು ಧೂಳು ಹೋಯಿತೇ ಎಂದು ಪರೀಕ್ಷಿಸುತ್ತಿದ್ದ.

“ಮೊದಲನೇ ಪತ್ರ ಬರದ್ರಿ, ಕೆಲಸಾನ ಹೋಗೂದಿತ್ತು. ಎರಡನೇದು ಬರದ್ರಿ, ಅರ್ಧಾ ಕೆಲಸ ಹೋತು” ಎಂದ, ನಗುತ್ತಿದ್ದಾನೋ ಇಲ್ಲವೋ ತಿಳಿಯಗೊಡದೆ. “ಕೈ ಮುಗೀತೇನಿ ಅಕ್ಕಾರ, ಮೂರನೇದು ಬರೀಬ್ಯಾಡ್ರಿ.”